ಮನೆಯ ಧ್ವನಿಮುದ್ರಣ: ಕರ್ಕಶತೆಯ ನಿವಾರಣೆ

ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಭಜನೆಯನ್ನೋ ಅಂಗಡಿಯ ಜಾಹೀರಾತು ಗೀತೆಯನ್ನೋ ಮನೆಯಲ್ಲಿಯೇ ಧ್ವನಿಮುದ್ರಿಸಿ ಕೊಡುವವರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಕರ್ಕಶ ಧ್ವನಿಯಿಂದ ಕಿವಿ ದಣಿದ ಗ್ರಾಹಕನು ದೂರು ಹೇಳುವುದು ವಿರಳ. ಮರಳಿ ಬರುವುದಿಲ್ಲ, ಅಷ್ಟೇ.

ಗೋಳಗುಮ್ಮಟದಲ್ಲಿ ಆಕರ್ಷಣೆಯೆನಿಸಿದ ಪ್ರತಿಧ್ವನಿಯು ಬರಿಗೋಡೆಯ ಕೋಣೆಯಲ್ಲಿ ಧ್ವನಿಯನ್ನು ಗಡಸುಗೊಳಿಸುತ್ತದೆ. ಮನುಷ್ಯನ ಕಿವಿಯು ಸುಮಾರು 2,000ದಿಂದ 5,000 ಹರ್ಟ್ಸ್ ವರೆಗಿನ ಧ್ವನಿಗೆ ಅತಿ ಸೂಕ್ಷ್ಮ. ಮಾಸ್ಟರಿಂಗ್ ಹಂತದಲ್ಲಿ ಈ ಭಾಗವನ್ನು ಸಾರಾಸಗಟಾಗಿ ತಗ್ಗಿಸಿದರೆ ಹಾಡಿನ ಮಾತೇ ಮಸುಕಾಗುತ್ತದೆ. ಕರ್ಕಶತೆ ತಲೆದೋರಿದಾಗ ಮಾತ್ರ ಒಂದೆರಡು ಡೆಸಿಬೆಲ್ ತಗ್ಗಿಸುವ ಡೈನಾಮಿಕ್ ಈಕ್ವಲೈಜರ್ ಬಳಸುವುದು ಲೇಸು. ತಿದ್ದುವ ಮೊದಲಿನ ಹಾಗೂ ನಂತರದ ಧ್ವನಿಗಳನ್ನು ಸಮಮಟ್ಟದಲ್ಲಿ ಕೇಳಿ ಹೋಲಿಸಬೇಕು. ಇಲ್ಲವಾದರೆ ಜೋರಾದುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ.

ಇವೆಲ್ಲಕ್ಕೂ ಮೊದಲು ಗೋಡೆಗೆ ದಪ್ಪ ಕೌದಿ ತೂಗುಹಾಕಿ, ಮೈಕನ್ನು ಬಾಯಿಗೆ ತುಸು ಓರೆಯಾಗಿಡುವುದು ಕ್ಷೇಮ. ಅದಕ್ಕೆ ಹೊಸ ಬಂಡವಾಳ ಬೇಕಿಲ್ಲ.