ಹತ್ತರಲ್ಲಿ ಒಂದು ಪಾಲು ಬೆಳಕು

1921ರಲ್ಲಿ ಇಂಗ್ಲೆಂಡಿನಿಂದ ‘ನರ್ಕುಂಡಾ’ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್, ನಿಕೋಲ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು ಕಡಲನ್ನು ನೋಡಿದರು. ಕಡಲು ನೀಲಿಯಾಗಿರುವುದು ಆಕಾಶದ ಪ್ರತಿಬಿಂಬದಿಂದ ಎಂದು ದೊಡ್ಡ ವಿಜ್ಞಾನಿಗಳೇ ಹೇಳುತ್ತಿದ್ದ ಕಾಲ ಅದು. ಪಟ್ಟಕ ತಿರುಗಿಸಿ ಮೇಲ್ಮೈಯ ಹೊಳಪನ್ನು ಅಳಿಸಿದರೂ ನೀಲಿ ಹೋಗಲಿಲ್ಲ. ಆ ಬಣ್ಣ ನೀರಿನೊಳಗಿಂದಲೇ ಬರುತ್ತಿತ್ತು.

ನಮ್ಮ ಓಷನ್‌ಸ್ಯಾಟ್ ಉಪಗ್ರಹಗಳು 700 ಚಿಲ್ಲರೆ ಕಿಲೋಮೀಟರ್ ಮೇಲಿಂದ ಹುಡುಕುವುದೂ ಇದೇ ಒಳಗಿನ ಬೆಳಕನ್ನು. ಮೊದಲನೆಯದು ಹಾರಿದ್ದು 1999ರಲ್ಲಿ, ಎರಡನೆಯದು 2009ರಲ್ಲಿ, ಮೂರನೆಯದು 2022ರ ನವೆಂಬರಿನಲ್ಲಿ. ಬಿಸಿಲಿನ ಝಳಪು ಕಣ್ಣಿಗೆ ಹೊಡೆಯದಂತೆ ಕ್ಯಾಮೆರಾ 20 ಡಿಗ್ರಿ ಓರೆಯಾಗುತ್ತದೆ. ಆರಂಭದಲ್ಲಿ ಎಂಟು ಬಣ್ಣಪಟ್ಟಿಗಳನ್ನು ಗುರುತಿಸುತ್ತಿದ್ದ ಈ ಕಣ್ಣು ಈಗ ಹದಿಮೂರನ್ನು ಗುರುತಿಸುತ್ತದೆ.

ಆಳ ಕಡಲಿನಲ್ಲಿ ಲೆಕ್ಕ ಸಲೀಸು. ಅಲ್ಲಿ ಬಣ್ಣ ಬದಲಿಸುವುದು ಮುಖ್ಯವಾಗಿ ಸೂಕ್ಷ್ಮ ಪಾಚಿಗಳು. ಅವುಗಳ ಪತ್ರಹರಿತ್ತು 443 ನ್ಯಾನೋಮೀಟರಿನ ಆಸುಪಾಸಿನ ನೀಲಿಯನ್ನು ನುಂಗಿ ಹಸಿರನ್ನು ಬಿಟ್ಟುಬಿಡುತ್ತದೆ. ನೀಲಿಗೂ ಹಸಿರಿಗೂ ಇರುವ ಅನುಪಾತ ನೋಡಿದರೆ ಪಾಚಿ ಎಷ್ಟೆಂದು ಗೊತ್ತಾಗುತ್ತದೆ. ಪಾಚಿ ಇದ್ದಲ್ಲಿ ಮೀನು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗೆ ಕೊಡುವ ಮೀನು ಸಿಗುವ ತಾಣಗಳ ಸೂಚನೆಯ ಹಿಂದೆ, ನೀರಿನ ಉಷ್ಣತೆಯ ಜೊತೆಗೆ ಈ ಅನುಪಾತವೂ ಇದೆ.

ದಡಕ್ಕೆ ಬಂದರೆ ಮಾತ್ರ ಲೆಕ್ಕ ಕೈಕೊಡುತ್ತದೆ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಮಂಗಳೂರಿನ ಅಳಿವೆ ಬಾಗಿಲನ್ನೇ ತೆಗೆದುಕೊಳ್ಳಿ. ಮಳೆಗಾಲದ ಕೆನ್ನೀರಿನಲ್ಲಿ ಮಣ್ಣು ಬರುತ್ತದೆ, ಘಟ್ಟದ ಕಾಡಿನಲ್ಲಿ ಕೊಳೆತ ತರಗೆಲೆಯ ರಸವೂ ಬರುತ್ತದೆ. ಬೇರೆಯೇನಲ್ಲ, ತೆಳು ಚಹಾ ಡಿಕಾಕ್ಷನ್ನಿನಂಥ ಹಳದಿ. ಅದೂ ನೀಲಿಯನ್ನೇ ನುಂಗುವುದರಿಂದ ಉಪಗ್ರಹ ಆ ಕಷಾಯವನ್ನು ಪಾಚಿಯೆಂದು ಬಗೆಯುತ್ತದೆ.

ಮಣ್ಣಿನ ಕಾಟ ಇನ್ನೂ ವಿಚಿತ್ರ. ಉಪಗ್ರಹಕ್ಕೆ ತಲಪುವ ಬೆಳಕಿನಲ್ಲಿ ನೀರಿನೊಳಗಿಂದ ಬಂದದ್ದು ಹೆಚ್ಚೆಂದರೆ ಹತ್ತರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಹೆಚ್ಚೂಕಡಿಮೆ ಗಾಳಿ, ದೂಳು, ತೇವ ಚದುರಿಸಿದ್ದು. ಅದನ್ನು ಕಳೆಯಲು ಒಂದು ಉಪಾಯವಿದೆ. ಕೆಂಪಿನಾಚೆಯ ಅವಕೆಂಪು ಬೆಳಕಿನಲ್ಲಿ ಶುದ್ಧ ನೀರು ಕಪ್ಪಗೆ ಕಾಣುತ್ತದೆ. ಹಾಗಾಗಿ ಅಲ್ಲಿ ಕಂಡದ್ದೆಲ್ಲ ಗಾಳಿಯದೇ ಎಂದು ಹಿಡಿದು, ಅದರ ಆಧಾರದ ಮೇಲೆ ಉಳಿದ ಬಣ್ಣಗಳಿಂದ ಗಾಳಿಯ ಪಾಲನ್ನು ಕಳೆದರಾಯಿತು. ಆದರೆ ಕೆಸರು ನೀರು ಅವಕೆಂಪಿನಲ್ಲೂ ಹೊಳೆಯುತ್ತದೆ. ಅದನ್ನೂ ಗಾಳಿಯ ಲೆಕ್ಕಕ್ಕೆ ಸೇರಿಸಿ ಅತಿಯಾಗಿ ಕಳೆದಾಗ, ಕಡಲಿನಿಂದ ಬಂದ ನೀಲಿ ಬೆಳಕು ಸೊನ್ನೆಗಿಂತ ಕಡಿಮೆ ಎಂಬ ಉತ್ತರ ಬಂದು ಕೂರುತ್ತದೆ! ಸಾಲದ ಖಾತೆಯಲ್ಲಿ ಬೆಳಕು. ಈಗಿನ ಸೂತ್ರಗಳು ಕೆಸರು ನೀರಿಗೆಂದೇ ಬೇರೆ ಪಟ್ಟಿಗಳನ್ನು ಬಳಸುತ್ತವೆ. ಸುಧಾರಿಸಿವೆ, ಗುಣವಾಗಿಲ್ಲ.

ಮಳೆಗಾಲ ಮುಗಿದು ಮೋಡ ಸರಿದ ಮೇಲೆ ಈ ಕಣ್ಣಿನ ನಿಜವಾದ ಬೆಲೆ ತಿಳಿಯುತ್ತದೆ. ಚಳಿಗಾಲದಲ್ಲಿ ಅರಬ್ಬಿ ಸಮುದ್ರದಲ್ಲಿ ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿ ಹಸಿರು ಹೆಪ್ಪಾಗಿ ಹರಡುತ್ತದೆ. ಒಂದು ಲೋಟ ನೀರೆತ್ತಿ ಬೆಳಕಿಗೆ ಹಿಡಿದರೆ ಸಾಬಕ್ಕಿಯ ನುಚ್ಚಿನಂತೆ ಬರಿಗಣ್ಣಿಗೇ ಕಾಣುವ ಜೀವಿ. ರಾತ್ರಿ ಅಲೆ ಮುರಿದಾಗ ನೀಲಿಯಾಗಿ ಮಿನುಗುವುದೂ ಇದೇ. ದಂಡೆಯಲ್ಲಿ ಜನ ಮೊಬೈಲು ಹಿಡಿದು ಸೇರುತ್ತಾರೆ. ಹೆಪ್ಪು ಸತ್ತು ಕೊಳೆತರೆ ನೀರಿನ ಆಮ್ಲಜನಕ ತೀರಿ ಮೀನಿಗೆ ಕುತ್ತು. ನೂರಾರು ಕಿಲೋಮೀಟರ್ ಹಬ್ಬಿದ ಇಂಥ ಹೆಪ್ಪಿನ ಅಂಚು ಎಲ್ಲಿದೆ, ಯಾವ ಕಡೆ ಸರಿಯುತ್ತಿದೆ ಎಂದು ಯಾವ ದೋಣಿಯೂ ಹೇಳಲಾರದು. ಉಪಗ್ರಹ ಹೇಳುತ್ತದೆ.

ಆದರೆ ಕೊಳಚೆಯ ಬ್ಯಾಕ್ಟೀರಿಯಾ ಇದಕ್ಕೆ ಕಾಣದು. ಅವಕ್ಕೆ ತಮ್ಮದೇ ಬಣ್ಣವಿಲ್ಲ. ಓಷನ್‌ಸ್ಯಾಟ್‌ನ ಒಂದು ಚುಕ್ಕಿಯೆಂದರೆ ಸುಮಾರು 360 ಮೀಟರ್ ಅಗಲದ ನೀರು, ಚರಂಡಿಯ ಬಾಯಿ ಅದರೊಳಗೆ ಕಳೆದೇಹೋಗುತ್ತದೆ. ನದಿಗಳು ಅತಿ ಹೆಚ್ಚು ಕೊಳೆ ತರುವ ಜೂನ್, ಜುಲೈಯಲ್ಲಂತೂ ಮೋಡ ಮುಸುಕಿ ಕಣ್ಣೇ ಕಟ್ಟಿರುತ್ತದೆ. ಆದ್ದರಿಂದ ‘ಉಪಗ್ರಹದಿಂದ ನೀರಿನ ಗುಣಮಟ್ಟ ಪತ್ತೆ’ ಎಂಬ ತಲೆಬರಹ ಕಂಡಾಗ ನಾನು ತುಸು ಹುಬ್ಬೇರಿಸುತ್ತೇನೆ. ಪತ್ತೆಯಾದದ್ದು ಬಣ್ಣ. ಅದು ಯಾವುದರ ಬಣ್ಣ ಎನ್ನುವುದಕ್ಕೆ ದೋಣಿಯೇ ಹೋಗಬೇಕು, ಬಾಟಲಿಯೇ ಮುಳುಗಬೇಕು.

ಆ ದೋಣಿಯಲ್ಲಿ ಇಂದಿಗೂ ಹಗ್ಗಕ್ಕೆ ಕಟ್ಟಿದ ಒಂದು ತಟ್ಟೆ ಇರುತ್ತದೆ. 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಹಡಗಿನಿಂದ ಇಳಿಬಿಟ್ಟು ನೋಡಿದ ಬಿಳಿ ತಟ್ಟೆಯ ವಂಶದ್ದು. ಅದನ್ನು ನೀರಿಗಿಳಿಸಿ, ಕಣ್ಮರೆಯಾದಲ್ಲಿ ಹಗ್ಗ ಹಿಡಿದು, ಆಳ ಬರೆದುಕೊಳ್ಳುವುದಷ್ಟೇ ಕೆಲಸ. ತಿಳಿ ಕಡಲಿನಲ್ಲಿ ತಟ್ಟೆ ಇಳಿಯುತ್ತಲೇ ಇರುತ್ತದೆ. ಕೆನ್ನೀರಿನ ಅಳಿವೆಯಲ್ಲಿ ಮೊಳದುದ್ದ ಹಗ್ಗ ಬಿಡುವಷ್ಟರಲ್ಲಿ ಮಾಯ.