ಕಿಟಕಿಯ ಬೆವರು: ಪುಣೆಯ ಚಳಿಯಲ್ಲಿ ಮನೆಯ ಆರೋಗ್ಯ

ಕರಾವಳಿಯಿಂದಲೋ ಬಯಲುಸೀಮೆಯಿಂದಲೋ ಬಂದು ಪುಣೆಯಲ್ಲಿ ನೆಲೆಸಿದ ನಮ್ಮವರಿಗೆ ಇಲ್ಲಿನ ಮೊದಲ ಚಳಿಗಾಲ ತುಸು ಅಚ್ಚರಿಯನ್ನೇ ಉಂಟುಮಾಡುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿರುವ ಈ ಊರಿನಲ್ಲಿ ಹಗಲು ಬಿಸಿಲು ಚುರುಕಾಗಿದ್ದರೂ ಇರುಳು ಕೊರೆಯುತ್ತದೆ. 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲೆಯಿಂದ ಇಲ್ಲಿಗೆ ಬಂದಿತು. ಶಿವಾಜಿನಗರದ ಆ ಕಟ್ಟಡ ಇಂದಿಗೂ ಜನರ ಬಾಯಲ್ಲಿ ‘ಸಿಮ್ಲಾ ಆಫೀಸು’. ಪುಣೆಯಲ್ಲಿ 1935ರ ಜನವರಿ 17ರಂದು ಉಷ್ಣಾಂಶ 1.7 ಡಿಗ್ರಿಗೆ ಇಳಿದುದು ದಾಖಲಾಗಿದೆ.

ಚಳಿ ಬಂದೊಡನೆ ನಾವು ಮಾಡುವ ಮೊದಲ ಕೆಲಸವೆಂದರೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚುವುದು. ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಒಳಮೈಯಲ್ಲಿ ನೀರಹನಿಗಳು. ಕೆಲವು ವಾರಗಳಲ್ಲಿ ಚೌಕಟ್ಟಿನ ಸುತ್ತ ಕಪ್ಪು ಬೂಷ್ಟು. ಈ ನೀರು ಹೊರಗಿನಿಂದ ಬಂದದ್ದಲ್ಲ, ಮನೆಯೊಳಗಿನದೇ. ಒಂದು ಘನಮೀಟರು ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 10 ಡಿಗ್ರಿಯಲ್ಲಿ ಕೇವಲ 9 ಗ್ರಾಂ. ಬೆಚ್ಚಗಿನ ಗಾಳಿ ತಣ್ಣನೆಯ ಗಾಜನ್ನು ಮುಟ್ಟಿದಾಗ ಹೆಚ್ಚಾದ ಆವಿ ನೀರಾಗಿ ಇಳಿಯುತ್ತದೆ. ನಮ್ಮ ಉಸಿರು, ಸ್ನಾನದ ಬಿಸಿನೀರು, ಒಳಗೆ ಹರವಿದ ಒದ್ದೆ ಬಟ್ಟೆ, ಕುದಿಯುವ ಸಾರು, ಇವೆಲ್ಲವೂ ಆವಿಯ ಮೂಲಗಳೇ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಅದರಿಂದಲೇ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ.

ಪೇಟೆಯ ಹಳೆಯ ವಾಡೆಗಳಲ್ಲಿ ದಪ್ಪ ಗೋಡೆಗಳೂ ಮರದ ಕದಗಳೂ ಇದ್ದುವು. ಇಂದಿನ ಫ್ಲ್ಯಾಟುಗಳಲ್ಲಿ ಅಗಲವಾದ ಒಂಟಿ ಗಾಜು, ಅಲ್ಯೂಮಿನಿಯಂ ಚೌಕಟ್ಟು. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುತ್ತದೆ. ಆದುದರಿಂದ ಬೆವರು ಮೊದಲು ಕಾಣುವುದು ಅಲ್ಲಿಯೇ. ಬೂಷ್ಟಿನ ಕಣಗಳು ಗಾಳಿಗೆ ಸೇರಿ ಉಬ್ಬಸವುಳ್ಳವರನ್ನೂ ಮಕ್ಕಳನ್ನೂ ವೃದ್ಧರನ್ನೂ ಪೀಡಿಸುತ್ತವೆ.

ಪರಿಹಾರಗಳು ದುಬಾರಿಯಲ್ಲ. ಸರಿಯುವ ಕದಗಳ ಅಂಚಿನಲ್ಲಿ ಸವೆದ ರಬ್ಬರು ಮತ್ತು ಬ್ರಷ್ ಪಟ್ಟಿಗಳನ್ನು ಬದಲಿಸಬೇಕು. ಚೌಕಟ್ಟು ಮತ್ತು ಗೋಡೆಯ ನಡುವಣ ಸಂದನ್ನು ಸಿಲಿಕೋನಿನಿಂದ ತುಂಬಬೇಕು. ಆದರೆ ಕೆಳಗಿನ ಹಳಿಯಲ್ಲಿ ಮಳೆನೀರು ಹೊರಹೋಗುವ ರಂಧ್ರಗಳನ್ನು ಮುಚ್ಚಕೂಡದು. ರಾತ್ರಿ ದಪ್ಪ ಪರದೆ ಎಳೆದರೆ ಕೋಣೆ ಬೆಚ್ಚಗಿರುತ್ತದೆ. ಆದರೆ ಪರದೆಯ ಹಿಂದಿನ ಗಾಜು ಇನ್ನಷ್ಟು ತಣ್ಣಗಾಗುವುದರಿಂದ ಬೆಳಗ್ಗೆ ಅದನ್ನು ಸರಿಸಿ, ಗಾಜನ್ನು ಒಣಬಟ್ಟೆಯಿಂದ ಒರಸಿ, ಬಿಸಿಲನ್ನು ಒಳಗೆ ಬಿಡಬೇಕು. ಬಳಿಕ ಎದುರುಬದುರಿನ ಕಿಟಕಿಗಳನ್ನು ಹತ್ತು ನಿಮಿಷ ತೆರೆದರೆ ಗೋಡೆಯ ಶಾಖ ಉಳಿಯುತ್ತದೆ, ತೇವದ ಗಾಳಿ ತೊಲಗುತ್ತದೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಡದೆ ಎರಡು ಅಂಗುಲ ಅಂತರ ಬಿಡುವುದು ಒಳ್ಳೆಯದು. ಹೊಸದಾಗಿ ಕಿಟಕಿ ಮಾಡಿಸುವವರು ಜೋಡಿ ಗಾಜನ್ನು ಆರಿಸಿಕೊಂಡರೆ ಗಾಜಿನ ಮೂಲಕ ಸೋರುವ ಶಾಖ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಸಂದುಗಳನ್ನು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿಯನ್ನು ಎಂದಿಗೂ ಇಡಬಾರದು. ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರ್ ಇರಿಸಿ, ಚಳಿಯೆಂದು ಅಲ್ಲಿನ ಗಾಳಿಕಿಂಡಿಯನ್ನು ಮುಚ್ಚುವುದೂ ಅಷ್ಟೇ ಅಪಾಯಕರ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮುನ್ಸೂಚನೆಗಳು. ನಿದ್ರೆಯಲ್ಲಿದ್ದವರಿಗೆ ಅವೂ ತಿಳಿಯುವುದಿಲ್ಲ. ಶಂಕೆ ಬಂದೊಡನೆ ಬಾಗಿಲು ತೆರೆದು, ಅನಿಲವನ್ನು ನಿಲ್ಲಿಸಿ, ಪೀಡಿತರನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿ ಆಡುವೆಡೆಯಲ್ಲಿ ಕೂಡಿಸುವುದೇ ಕ್ಷೇಮ.

ನಮ್ಮ ಊರುಮನೆಗಳಲ್ಲಿ ಹಿರಿಯರು ಗವಾಕ್ಷಿಯನ್ನು ಬಿಟ್ಟುದು ಬೆಳಕಿಗಾಗಿ ಮಾತ್ರವಲ್ಲ. ಒಲೆಯ ಹೊಗೆಗೂ ಅದೇ ದಾರಿಯಾಗಿತ್ತು. ಈ ಚಳಿಗಾಲದಲ್ಲಿ ಕಿಟಕಿಯ ಸಂದುಗಳನ್ನು ಮುಚ್ಚಿಸುವವರು ಅದೇ ದಿನ ಮನೆಯ ಗಾಳಿಕಿಂಡಿಗಳು ತೆರೆದಿವೆಯೇ ಎಂಬುದನ್ನೂ ನೋಡಿಕೊಳ್ಳಲಿ.