ನಿಮಗಿದು ಗೊತ್ತೇ? ಇರುವೆಗಳಲ್ಲೂ ಸೋಮಾರಿಗಳುಂಟು!

ದುಡಿಮೆಗೆ ಇನ್ನೊಂದು ಹೆಸರೇ ಇರುವೆ ಎನ್ನುತ್ತೇವೆ. ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ಸಂಶೋಧಕರು ಕಲ್ಲಿನ ಸಂದಿಯಲ್ಲಿ ಗೂಡು ಮಾಡುವ ಪುಟ್ಟ ಇರುವೆಗಳಿಗೆ ಬಣ್ಣದ ಚುಕ್ಕೆಯಿಟ್ಟು ಒಂದೊಂದನ್ನೇ ಗಮನಿಸಿದರು. ಸುಮಾರು ಶೇ. 40ರಷ್ಟು ಇರುವೆಗಳು ಹೆಚ್ಚು ಹೊತ್ತು ಸುಮ್ಮನೇ ನಿಂತಿದ್ದವು!

2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದೇ ತಂಡ ಅತಿ ಚುರುಕಾದ ಶೇ. 20ರಷ್ಟನ್ನು ಗೂಡಿನಿಂದ ತೆಗೆಯಿತು. ವಾರದೊಳಗೆ ಸುಮ್ಮನಿದ್ದವೇ ಮೈಕೊಡವಿ ಕೆಲಸಕ್ಕಿಳಿದವು. ಸೋಮಾರಿಗಳನ್ನು ತೆಗೆದಾಗ ಮಾತ್ರ ಆ ಜಾಗ ಖಾಲಿಯೇ ಉಳಿಯಿತು. ಅವನ್ನು ಮೀಸಲು ಪಡೆ ಎನ್ನುವುದೇ ನ್ಯಾಯ.

ಬೆಂಕಿ ಇರುವೆಗಳು ಸುರಂಗ ತೋಡುವಾಗ ಶೇ. 30ರಷ್ಟು ಇರುವೆಗಳೇ ಶೇ. 70ರಷ್ಟು ಕೆಲಸ ಮುಗಿಸುತ್ತವೆ. ಎಲ್ಲವೂ ಒಟ್ಟಿಗೆ ನುಗ್ಗಿದರೆ ಒಳಗೆ ಟ್ರಾಫಿಕ್ ಜಾಮ್.

ನಮ್ಮ ಸೂರಿನಡಿ ಕಾಗದದಂಥ ಗೂಡು ಕಟ್ಟುವ ಕಣಜಗಳ ಕಥೆ ಇನ್ನೂ ಸ್ವಾರಸ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಮತ್ತು ಎನ್.ವಿ. ಜೋಶಿ 1983ರಲ್ಲೇ ಇವುಗಳಲ್ಲಿ ಮೂರು ಬಗೆ ಗುರುತಿಸಿದರು: ಕೂರುವವು, ಕಾದಾಡುವವು, ಆಹಾರ ತರುವವು. ರಾಣಿ ಎಲ್ಲಿದ್ದಾಳು? ಕೂರುವವರ ಗುಂಪಿನಲ್ಲಿ! ಗದ್ದಲವಿಲ್ಲ, ದರ್ಬಾರಿಲ್ಲ. ಆಕೆಯನ್ನು ಗೂಡಿನಿಂದ ತೆಗೆದು ನೋಡಿ, ಸಾಧಾರಣ ಕೆಲಸಗಾರಳೊಬ್ಬಳು ಇದ್ದಕ್ಕಿದ್ದಂತೆ ಉಗ್ರಳಾಗುತ್ತಾಳೆ. ಉಳಿದವರು ತಕರಾರೆತ್ತುವುದಿಲ್ಲ. ಸುಮಾರು ವಾರದಲ್ಲಿ ಅವಳು ಮೊಟ್ಟೆಯಿಡಲು ಶುರು ಮಾಡುತ್ತಾಳೆ, ಆಮೇಲೆ ತಾನೂ ಶಾಂತಳಾಗುತ್ತಾಳೆ. ಮುಂದಿನ ರಾಣಿ ಯಾರೆಂದು ಮೊದಲೇ ಪತ್ತೆಹಚ್ಚುವುದು ಗಂಟೆಗಟ್ಟಲೆ ಕಾದು ನೋಡಿದ ವಿಜ್ಞಾನಿಗಳಿಗೂ ಕಷ್ಟ. ಕಣಜಗಳಿಗೆ ಅದು ಗೊತ್ತಿರುವಂತಿದೆ.

ಜೇನುಗೂಡಿನಲ್ಲಿ ಹೆಣ ಹೊರುವವರೂ ಇದ್ದಾರೆ. ಸತ್ತ ನೊಣಗಳನ್ನು ಎತ್ತಿ ದೂರ ಎಸೆದು ಬರುವ ಈ ಕೆಲಸ ಒಂದು ಹೊತ್ತಿನಲ್ಲಿ ಮಾಡುವವು ಸುಮಾರು ಶೇ. 1ರಷ್ಟು ಮಾತ್ರ.

ಎಲೆ ಕತ್ತರಿಸುವ ಇರುವೆಗಳಿಗೆ ವಯಸ್ಸಾದಂತೆ ದವಡೆಯ ಹರಿತ ಸವೆಯುತ್ತದೆ. ಆಗ ಅವು ಕತ್ತರಿಸುವುದನ್ನು ಬಿಟ್ಟು ಎಲೆ ಹೊರುವ ಕೆಲಸಕ್ಕೆ ಬದಲಾಗುತ್ತವೆ. ನಿವೃತ್ತಿ ಇಲ್ಲ!

ಪಶ್ಚಿಮ ಘಟ್ಟದಲ್ಲಿ ಕಾಣಸಿಗುವ ಜಿಗಿಯುವ ಇರುವೆಗಳಲ್ಲಿ ರಾಣಿ ಸತ್ತರೆ ಕೆಲಸಗಾರ ಇರುವೆಗಳು ಕುಡಿಮೀಸೆಗಳಿಂದ ಬಡಿದಾಡುತ್ತವೆ. ಗೆದ್ದವು ಮೊಟ್ಟೆಯಿಡುವ ಹಕ್ಕು ಪಡೆಯುತ್ತವೆ, ಆಯುಷ್ಯವೂ ಹೆಚ್ಚುತ್ತದೆ. ಆದರೆ ಮೆದುಳು ಶೇ. 20ರಷ್ಟಾದರೂ ಕುಗ್ಗುತ್ತದೆ. ಪಟ್ಟ ಹೋಗಿ ಮತ್ತೆ ಕೆಲಸಕ್ಕೆ ಮರಳಿದರೆ ಮೆದುಳೂ ಹಿಂದಿನ ಗಾತ್ರಕ್ಕೆ ಬೆಳೆಯುತ್ತದೆ.